ಹುಲ್ಲು ತುಂಬಿದ ಕರು

ಮಕ್ಕಳೇ, ಹೋದ ರಜೆಯಲ್ಲಿ ನೀವು ಮೊಬೈಲಿನಲ್ಲಿ ಯಾರದೋ ದೊಡ್ಡ ಮನೆಯನ್ನು ತೋರಿಸಿದಿರಿ. ನೆಲದ ಮೇಲೆ ಕರಡಿಯ ಚರ್ಮ ಹಾಸಿತ್ತು. ತಲೆ ಹಾಗೆಯೇ ಇತ್ತು, ಬಾಯಿ ತೆರೆದಿತ್ತು. ಅಂಥದ್ದನ್ನು ನಾನು ಕುಮಟೆಯಲ್ಲಿ ಮುಟ್ಟಿ ನೋಡಿದ್ದೇನೆ, ಮಾಡಿದವರ ಮನೆಯಲ್ಲೇ ಕೂತು ಚಹಾ ಕುಡಿದಿದ್ದೇನೆ ಎಂದೆ. ನೀವು ನಕ್ಕುಬಿಟ್ಟಿರಿ. ಅಜ್ಜಿಗೂ ಕರಡಿಗೂ ಎಲ್ಲಿಯ ಸಂಬಂಧ ಎಂದು ಕೇಳಿದಿರಿ. ನಾಲ್ಕು ಜನ ಸುತ್ತ ಕೂತರೆ ನನ್ನ ಮಾತು ಗಂಟಲಲ್ಲೇ ಉಳಿಯುತ್ತದೆ, ಅದು ನಿಮಗೆ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ಕಲಿತಷ್ಟು ಕನ್ನಡ ಇದಕ್ಕೆ ಸಾಕಾಗಬಹುದು.

ಕರಡಿಯ ಹತ್ತಿರ ಹೋದದ್ದು ಕರುವಿಗಾಗಿ. ನೀವಿನ್ನೂ ತೀರ ಸಣ್ಣವರಿದ್ದಾಗಿನ ಮಾತು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಮುಟ್ಟಳ್ಳಿಯ ಮನೆಯಲ್ಲಿ ನಾನೊಂದು ದನ ಕಟ್ಟಿದ್ದೆ. ನಮ್ಮ ಕಡೆಯ ಗಿಡ್ಡ ಜಾತಿಯದು, ಕಂದು ಬಣ್ಣ, ಹಣೆಯಲ್ಲಿ ಒಂದು ಬಿಳಿ ಬೊಟ್ಟು. ಅದರ ಚೊಚ್ಚಲ ಕರು ಭೇದಿಯಾಗಿ ಎರಡೇ ವಾರದಲ್ಲಿ ಸತ್ತುಹೋಯಿತು. ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋದಾಗ ದನ ಅದನ್ನು ನೆಕ್ಕುತ್ತಾ ನಿಂತಿತ್ತು. ಕರುವಿನ ಮೈ ಆಗಲೇ ತಣ್ಣಗಾಗಿತ್ತು.

ನಮ್ಮ ಗಿಡ್ಡ ದನಗಳು ಕರು ಎದುರಿಗಿಲ್ಲದಿದ್ದರೆ ಹಾಲು ಇಳಿಸುವುದಿಲ್ಲ. ಅದು ನನಗೆ ಗೊತ್ತಿದ್ದದ್ದೇ. ಆದರೆ ಈ ದನ ಮೇವನ್ನೂ ಬಿಟ್ಟಿತು. ಬೈಹುಲ್ಲು ಹಾಕಿದರೆ ಮೂಸಲೂ ಇಲ್ಲ. ಅಕ್ಕಿ ತೊಳೆದ ಅಕ್ಕಚ್ಚಿನ ಬಾನಿಯನ್ನು ಮೂತಿಯ ಹತ್ತಿರ ಹಿಡಿದರೆ ತಲೆ ಆಚೆ ತಿರುಗಿಸುತ್ತಿತ್ತು. ಕರು ಮಲಗುತ್ತಿದ್ದ ಜಾಗದ ನೆಲಕ್ಕೆ ಮೂಗು ತಾಗಿಸಿಕೊಂಡು ನಿಂತೇ ಇರುತ್ತಿತ್ತು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು, ಕೆಚ್ಚಲಿನ ಹಾಲು ಇಳಿಯಿತು. ಮೇವು ಮುಟ್ಟುವುದಿಲ್ಲವಲ್ಲ, ಅದಕ್ಕೇನು ಮಾಡಲಿ ಎಂದು ನಾನು ಬಾಗಿಲ ಮರೆಯಿಂದ ಕೇಳಿದೆ. "ಅದಕ್ಕೆ ನನ್ನ ಚೀಲದಲ್ಲಿ ಔಷಧ ಇಲ್ಲ. ಹೀಗೇ ಬಿಟ್ಟರೆ ದನ ಉಳಿಯುವುದು ಕಷ್ಟ" ಎಂದರು.

ನನ್ನ ತವರಿನಲ್ಲಿ ಇಂಥ ಹೊತ್ತಿನಲ್ಲಿ ಏನು ಮಾಡುತ್ತಿದ್ದರೆಂದು ನನಗೆ ನೆನಪಿತ್ತು. ಸತ್ತ ಕರುವಿನ ತೊಗಲು ಬಿಡಿಸಿ, ಒಳಗೆ ಹುಲ್ಲು ತುಂಬಿ, ಹೊಲಿದು ತಾಯಿಯ ಎದುರು ನಿಲ್ಲಿಸುತ್ತಿದ್ದರು. ನಾನು ಸಣ್ಣವಳಿದ್ದಾಗ ಅದನ್ನು ನೋಡಿ ಹೆದರಿ ಅಮ್ಮನ ಸೆರಗು ಹಿಡಿದಿದ್ದೆ. ಅದಕ್ಕೇ ಸತ್ತ ದಿನ ಕರುವನ್ನು ಹೂಳಲು ಬಿಡಲಿಲ್ಲ. ಹಿಂದೆ ಈ ಕೆಲಸ ಮಾಡುತ್ತಿದ್ದ ಮುದುಕರೊಬ್ಬರನ್ನು ಕರೆಸಿದೆ. ಅವರು ತೊಗಲು ಬಿಡಿಸಿ, ಉಪ್ಪು ಮತ್ತು ಬೂದಿ ಸವರಿ, ನೆರಳಿನಲ್ಲಿ ಬಿದಿರಿಗೆ ಕಟ್ಟಿಕೊಟ್ಟರು. "ಬಿಡ್ಸೂದು ಬಿಡ್ಸಿದೆ ಮಗಾ. ತುಂಬಿ ಹೊಲಿಯೂದು ನನ್ನ ಕೈಲಿ ಆಗೂದಿಲ್ಲ. ಸೂಜಿ ಹಿಡಿದ್ರೆ ಕೈ ನಡುಗ್ತದೆ" ಎಂದರು. ಅವರ ಮಕ್ಕಳು ಯಾರೂ ಆ ಕೆಲಸ ಕಲಿತಿರಲಿಲ್ಲ. ಕಲಿಯದೆ ಒಳ್ಳೆಯದೇ ಮಾಡಿದರು ಎಂದೂ ಅವರೇ ಹೇಳಿದರು.

ಹಾಗಾದರೆ ತುಂಬುವವರು ಯಾರು? ನನ್ನ ಮೈದುನ, ಅಂದರೆ ನಿಮ್ಮ ಚಿಕ್ಕಜ್ಜ, ಆಗ ವ್ಯಾನಿನಲ್ಲಿ ತರಕಾರಿ ಸಾಗಿಸುತ್ತಿದ್ದ. ಕುಮಟೆಯ ಅಂಗಡಿಕಾರರೊಬ್ಬರು ಅವನಿಗೆ ಒಬ್ಬರ ವಿಷಯ ಹೇಳಿದರಂತೆ. ಬೇಟೆಯ ಕಾಲದಲ್ಲಿ ಹುಲಿ, ಕರಡಿಗಳ ಚರ್ಮ ಹದ ಮಾಡಿ ಜೀವ ಬಂದ ಹಾಗೆ ನಿಲ್ಲಿಸುತ್ತಿದ್ದವರು, ಈಗಲೂ ಇದ್ದಾರೆ ಎಂದು.

"ಅತ್ಗೆ, ನೀವೂ ಬನ್ನಿ" ಎಂದ ಮೈದುನ. "ದನ ನಿಮ್ದು. ಆಮೇಲೆ ಹಂಗಾಗ್ಬೇಕಿತ್ತು ಹಿಂಗಾಗ್ಬೇಕಿತ್ತು ಅಂದ್ರೆ ನಾ ಕೇಳೂದಿಲ್ಲ."

"ನಾ ಬಂದು ಎಂತ ಮಾಡ್ಲಿ? ಅವ್ರ ಹತ್ರ ಮಾತಾಡೂಕೆ ನನಗೆ ಬರೂದಿಲ್ಲ."

"ಮಾತಾಡೂದು ಬೇಡ, ತಲೆ ಅಲ್ಲಾಡ್ಸಿ ಸಾಕು."

ತೊಗಲನ್ನು ಜೊತೆಗೆ ಒಯ್ಯಲಿಲ್ಲ. ದನದ ತೊಗಲನ್ನು ಚೀಲದಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಯಾರಾದರೂ ನಿಲ್ಲಿಸಿದರೆ, ಸತ್ತ ಕರುವಿನದು ಎಂದು ಯಾರಿಗೆಲ್ಲ ಹೇಳುತ್ತಾ ಹೋಗುವುದು? ಮೈದುನ ಮೊಬೈಲಿನಲ್ಲಿ ತೊಗಲಿನ ಫೋಟೋ ತೆಗೆದುಕೊಂಡ. ಅವನ ಹೆಂಡತಿ, ನನ್ನ ಓರಗಿತ್ತಿಯನ್ನು, ತೊಗಲಿನ ಹತ್ತಿರ ಕಾಗೆ ಓಡಿಸಲು ಕೂರಿಸಿ ನಾವಿಬ್ಬರೂ ಹೊರಟೆವು.

ಕುಮಟೆಯ ಮನೆಯ ಬಾಗಿಲು ದಾಟಿದ ಕೂಡಲೇ ಎದುರಿನ ಗೋಡೆಯಲ್ಲಿ ಆ ಕರಡಿ. ನೆಲದ ಹಾಸಾಗಿಯೇ ಮಾಡಿದ್ದಂತೆ. ತುಳಿಯಲು ಯಾರಿಗೂ ಮನಸ್ಸು ಬರದೆ ಗೋಡೆಗೆ ಏರಿತಂತೆ. ನಾವು ಕೇಳುವ ಮೊದಲೇ ಆ ಹಿರಿಯರು, "ಬೇಟೆ ನಿಲ್ಲಿಸಿದ ಕಾಯ್ದೆ ಬರುವುದಕ್ಕಿಂತ ಮೊದಲಿನದು. ಕಾಗದ ಇದೆ" ಎಂದರು. ಬಂದವರಿಗೆಲ್ಲ ಹಾಗೇ ಹೇಳಿ ಅಭ್ಯಾಸವಾಗಿರಬೇಕು. ನಾಲಿಗೆಗೆ ಕೆಂಪು ಬಣ್ಣ, ಗಾಜಿನ ಕಣ್ಣು, ಉಗುರುಗಳಿಗೆ ಎಣ್ಣೆಯ ಹೊಳಪು. ನಾನು ಯಾವ ಕಡೆ ಸರಿದರೂ ಅದು ನನ್ನನ್ನೇ ನೋಡುತ್ತಿತ್ತು. ಮೈದುನ ಬಾಯಿ ತೆರೆದು ನಿಂತುಬಿಟ್ಟ.

ಹಿರಿಯರು ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಚಹಾ ತರಿಸಿದರು. ಆಮೇಲೆ ಒಂದೊಂದೇ ಕೇಳತೊಡಗಿದರು.

"ಕರು ನಿಂತಿರಬೇಕೋ, ಮಲಗಿರಬೇಕೋ?"

"ನಿಂತಿರ್ಲಿ" ಎಂದ ಮೈದುನ.

"ತಲೆ ಎತ್ತಿಯೋ, ತಾಯಿಯ ಕಡೆ ತಿರುಗಿಸಿಯೋ?"

"ತಾಯಿ ಬದಿಗೆ."

"ಕಿವಿ?"

ಮೈದುನ ನನ್ನ ಮುಖ ನೋಡಿದ. ಕಿವಿಯ ವಿಷಯ ಅವನು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಅವರು ಕೆಲಸದ ಕ್ರಮ ಹೇಳಿದರು. ತೊಗಲನ್ನು ಸೋಪಿನ ನೀರಿನಲ್ಲಿ ತೊಳೆಯಬೇಕು. ಪಟಿಕದ ನೀರಿನಲ್ಲಿ ನೆನೆಸಬೇಕು. ಹುಳ ಹತ್ತದ ಹಾಗೆ ಒಳಮೈಗೆ ಔಷಧ ಬಳಿಯಬೇಕು. ತಿಂಗಳು ಹಿಡಿಯುತ್ತದೆ. "ಅವಸರ ಅಂದರೆ ಸ್ವಲ್ಪ ಬೇಗ ಮಾಡಿಕೊಡುತ್ತೇನೆ. ಆದರೆ ಒಮ್ಮೆ ಆಯಿತೆಂದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ" ಎಂದರು. ಮಾತಿನಲ್ಲಿ ಜಂಬ ಇರಲಿಲ್ಲ. ಕೆಲಸ ಬಲ್ಲವರು.

ಅವರು ಮಾತಾಡುತ್ತಿರುವಾಗ ನಾನು ಎದ್ದು ಕರಡಿಯ ಹತ್ತಿರ ಹೋದೆ. ಕತ್ತಿನ ಕೂದಲು ಮುಟ್ಟಿದೆ, ಒರಟಾಗಿತ್ತು. ಮೂಗು ಹತ್ತಿರ ತಂದು ನೋಡಿದೆ. ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಇಡುತ್ತೇವಲ್ಲ, ಆ ನುಸಿಗುಳಿಗೆಯ ವಾಸನೆ ಬಂತು. ಬೇರೇನೂ ಇಲ್ಲ. ಕಣ್ಣಿಗೆ ಅಷ್ಟು ದೊಡ್ಡ ಕರಡಿ, ಮೂಗಿಗೆ ಕರಡಿಯೇ ಇರಲಿಲ್ಲ. ನನಗೆ ಕೊಟ್ಟಿಗೆ ಕಣ್ಣ ಮುಂದೆ ಬಂತು. ದನ ಮೂಗು ಊರಿ ನಿಂತಿದ್ದ ಆ ನೆಲ. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲವಲ್ಲ.

ಹೇಳಬೇಕೆಂದು ಬಾಯಿವರೆಗೆ ಬಂತು, ನುಂಗಿದೆ. ಅಷ್ಟರಲ್ಲಿ ಮೈದುನ, "ಆತು ಹಂಗಾದ್ರೆ, ನಾಳೆ ಹೆಂಗಾದ್ರೂ ತೊಗಲು ತಂದು ಕೊಡ್ತೆ" ಎಂದುಬಿಟ್ಟ. ಇನ್ನು ಸುಮ್ಮನಿದ್ದರೆ ದನ ಹೋಗುತ್ತದೆ ಅನ್ನಿಸಿತು. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದೆ.

"ತೊಳೀದೆ ಆಗೂದಿಲ್ವಾ?"

ಇಬ್ಬರೂ ನನ್ನ ಕಡೆ ತಿರುಗಿದರು. ಹಿರಿಯರು ಚಹಾದ ಲೋಟ ಕೆಳಗಿಟ್ಟರು. "ತೊಳೆಯದ ತೊಗಲು ಹುಳ ಹಿಡಿಯುತ್ತದೆ ತಂಗಿ. ಹೆಚ್ಚೆಂದರೆ ಎರಡು ತಿಂಗಳು ಬಂದೀತು. ಅಂಥದ್ದನ್ನು ನನ್ನ ಕೆಲಸ ಅಂತ ನಾನು ಕೊಡುವುದಿಲ್ಲ."

"ಎರಡು ತಿಂಗಳು ಸಾಕು" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿತು.

ಅವರು ಸಿಟ್ಟಾಗಲಿಲ್ಲ. ಗೇಟಿನವರೆಗೆ ಬಂದು ಕಳಿಸಿಕೊಟ್ಟರು. ಸಿಟ್ಟಾದವನು ಮೈದುನ. ವ್ಯಾನು ಹೆದ್ದಾರಿಗೆ ಬಂದ ಮೇಲೆ ಅವನ ಬಾಯಿ ಬಿಚ್ಚಿತು.

"ಕರಡಿ ಕಂಡ್ರಾ ಇಲ್ವಾ ನೀವು? ಇನ್ನೊಂಚೂರು ಇದ್ದಿದ್ರೆ ನನ್ನ ಕಚ್ತಿತ್ತು. ಅಂಥವ್ರನ್ನ ಬಿಟ್ಟು ಇನ್ಯಾರನ್ನ ಹುಡ್ಕೂದು?"

"ಅದಕ್ಕೆ ವಾಸನೆ ಇಲ್ಲ."

"ವಾಸನೆ ಬರ್ಬಾರ್ದು ಅಂತಲೇ ಅಲ್ದಾ ಜನ ಅವ್ರಿಗೆ ದುಡ್ಡು ಕೊಡೂದು?"

ಅವನ ಮಾತು ಸರಿಯೇ ಇತ್ತು. ಆದರೆ ನನ್ನ ಮನಸ್ಸು ಮಾತ್ರ ಬದಲಾಗಲಿಲ್ಲ.

ಹೊನ್ನಾವರ ದಾಟಿ ಅಪ್ಸರಕೊಂಡದ ಕಡೆ ತಿರುಗುವಲ್ಲಿ ಚಂಡೆ, ಮದ್ದಲೆಗಳಿಗೆ ಚರ್ಮ ಮುಚ್ಚುವವರೊಬ್ಬರ ಮನೆ ಇತ್ತು. ಚರ್ಮದ ಕೆಲಸ ಅಂದರೆ ಚರ್ಮದ ಕೆಲಸವೇ ತಾನೇ ಎಂದು ಮೈದುನ ಅಲ್ಲಿ ನಿಲ್ಲಿಸಿದ. ಅವರು ಅಂಗಳದಲ್ಲಿ ಕೂತು ಒಂದು ಮದ್ದಲೆಗೆ ಬಾರು ಬಿಗಿಯುತ್ತಿದ್ದರು. ನಮ್ಮ ಮಾತು ಕೇಳಿ ಬಾರು ಕೈಬಿಟ್ಟು ನಕ್ಕರು.

"ಕೂದಲು ಕಂಡ್ರೆ ನನ್ನ ಕೈ ಸುಮ್ನಿರೂದಿಲ್ಲ, ಕೆರೆದು ಹಾಕ್ತದೆ. ನನ್ನ ಹತ್ರ ಕೊಟ್ರೆ ನಿಮ್ಮ ಕರು ಮದ್ದಲೆ ಆಗಿ ಬರ್ತದೆ. ಬಾರ್ಸಿದ್ರೆ ಅಂಬಾ ಅಂದ್ರೂ ಅನ್ನೂದೇ."

ನನಗೂ ನಗು ಬಂತು. ಕರು ಸತ್ತ ಮೇಲೆ ಮೊದಲ ಬಾರಿ ನಕ್ಕದ್ದು ಅಲ್ಲಿ.

"ತೊಗಲು ಬಿಡ್ಸಿ ಆತು ಅಂತ್ರಿ. ತೊಳೀಬಾರ್ದು ಅಂತ್ರಿ" ಎಂದು ಅವರು ಮತ್ತೆ ಬಾರು ಹಿಡಿದರು. "ಹಂಗಾದ್ರೆ ನಿಮಗೆ ಬೇಕಾದ್ದು ಚರ್ಮದವ ಅಲ್ಲ. ತುಂಬಿ ಹೊಲಿಯೂವವ."

"ತುಂಬಿ ಹೊಲಿಯೂವವ ಅಂದ್ರೆ ಗಾದಿಯವ" ಎಂದ ಮೈದುನ, ಚುಚ್ಚುವ ಹಾಗೆ.

ಅವನು ಕುಚೋದ್ಯಕ್ಕೆ ಹೇಳಿದ್ದು. ನಾನು ವ್ಯಾನು ಹತ್ತಿ, "ಜಾಲಿಗೆ ಹೋಗ್ವ" ಎಂದೆ.

ಭಟ್ಕಳದ ಪಕ್ಕದ ಜಾಲಿಯಲ್ಲಿ ಗಾದಿ, ದಿಂಬು ಮಾಡುವ ಸಾಬರೊಬ್ಬರಿದ್ದರು. ನಮ್ಮ ಮನೆಯ ಗಾದಿಗಳ ಅರಳೆಯನ್ನು ಬಿಚ್ಚಿ ಹಿಂಜಿ ಮತ್ತೆ ತುಂಬಿಕೊಡುತ್ತಿದ್ದವರು ಅವರೇ. ನಾವು ಹೋದಾಗ ಮೈತುಂಬ ಅರಳೆ ಅಂಟಿಸಿಕೊಂಡು ಕೂತಿದ್ದರು. ಮೈದುನ ಮಾತಾಡಲಿ ಎಂದು ಕಾದೆ. ಅವನು ಬೇಕೆಂದೇ ವ್ಯಾನಿನಿಂದ ಇಳಿಯಲಿಲ್ಲ. ನಾನೇ ಹೇಳಬೇಕಾಯಿತು. ದನ ಏನೂ ತಿನ್ನುತ್ತಿಲ್ಲ ಎಂಬಲ್ಲಿಂದ ಶುರುಮಾಡಿದೆ. ಮಧ್ಯದಲ್ಲಿ ತಡವರಿಸಿದೆ. ಅವರು ಪೂರ್ತಿ ಕೇಳಿದರು.

"ನಾನು ಅರಳೆ ತುಂಬೋನು ಅಕ್ಕಾ. ಇಂಥದ್ದು ಮಾಡಿದ್ದಿಲ್ಲ."

"ಮಾಡಿದವ್ರು ಯಾರೂ ಸಿಗಲಿಲ್ಲ."

ಅವರು ಕೈಗೆ ಅಂಟಿದ ಅರಳೆ ಬಿಡಿಸತೊಡಗಿದರು. "ಕೆಲಸದ್ದು ಹೆದರಿಕೆ ಅಲ್ಲ. ದನದ ಚರ್ಮ. ನನ್ನ ಅಂಗಡಿಯಲ್ಲಿ ಇಟ್ಕೊಂಡು ಹೊಲಿದ್ರೆ ನಾಳೆ ಜನ ಎಂತ ಹೇಳ್ತಾರೆ, ನಿಮಗೂ ಗೊತ್ತು. ನಿಮ್ಮ ಮನೆಗೆ ಬರ್ತೇನೆ. ಒಳಗೆ ಬೇಡ, ಅಂಗಳದಲ್ಲಿ. ಹಗಲು ಹೊತ್ತು, ಎಲ್ಲರಿಗೂ ಕಾಣೋ ಹಾಗೆ. ನೀವು ಎದುರಿಗೆ ಕೂತಿರಬೇಕು."

ಯಾರಾದರೂ ಬಂದರೆ ಅಡುಗೆಮನೆಗೆ ಸರಿಯುವವಳು ನಾನು. "ಕೂತಿರ್ತೆ" ಎಂದೆ.

ಮರುದಿನ ಅವರು ಉದ್ದದ ಸೂಜಿ, ಗಾದಿ ದಾರ ಹಿಡಿದು ಬಂದರು. ಅಂಗಳದ ನಡುವೆ ಚಾಪೆ ಹಾಸಿದೆವು. ನಾನು ಎದುರಿಗೆ ಮಣೆ ಹಾಕಿ ಕೂತೆ. ದಾರಿಯಲ್ಲಿ ಹೋಗುವವರು ಬೇಲಿಯ ಹತ್ತಿರ ನಿಲ್ಲತೊಡಗಿದರು. ಪಕ್ಕದ ಮನೆಯವಳು ಒಳಗೇ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದನದ ತೊಗಲು ಹೊಲಿಯೂಕೆ ಇವ್ರೇ ಆಗ್ಬೇಕಿತ್ತನೆ ನಿನಗೆ?"

ಸಾಬರ ಸೂಜಿ ನಿಂತಿತು. ಅವರು ತಲೆ ಎತ್ತಲಿಲ್ಲ.

"ನಿನಗೆ ಬರ್ತದಾದ್ರೆ ನೀನೇ ಹೊಲಿ" ಎಂದೆ ನಾನು. ನನ್ನ ಬಾಯಿಂದ ಅಂಥ ಮಾತು ಬರುತ್ತದೆಂದು ಅವಳೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. "ಬರೂದಿಲ್ಲಾದ್ರೆ ಕೂತ್ಕ. ಬೈಹುಲ್ಲು ಬಿಡ್ಸಿ ಕೊಡೂಕೆ ಜನ ಬೇಕು."

ಅವಳು ಗೊಣಗುತ್ತಾ ಕೂತಳು. ಹುಲ್ಲು ಬಿಡಿಸಿ ಕೊಟ್ಟಳು. ಸಾಬರ ಸೂಜಿ ಮತ್ತೆ ಓಡತೊಡಗಿತು. ಹುಲ್ಲನ್ನು ಇನ್ನೂ ಒತ್ತಿ ತುಂಬಿ, ಕತ್ತಿನಲ್ಲಿ ಸಾಲದು ಎಂದು ಆಮೇಲೆ ಅವರಿಗೆ ಹೇಳಿದವಳೂ ಅವಳೇ.

ಕಾಲುಗಳಿಗೆ ಬಿದಿರಿನ ಕಡ್ಡಿ ಕೊಟ್ಟೆವು. ಹೊಟ್ಟೆ ತುಂಬಿಯಾಯಿತು, ಹೊಲಿದೂ ಆಯಿತು. ನಾನು ನೀರು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಒಂದು ಎಡವಟ್ಟಾಗಿಬಿಟ್ಟಿತ್ತು. ಗಾದಿ ತುಂಬಿದ ಮೇಲೆ ಅರಳೆ ಸರಿಯದಿರಲೆಂದು ಅಲ್ಲಲ್ಲಿ ಸೂಜಿಯನ್ನು ಆಚೆ ಬದಿಗೆ ದಾಟಿಸಿ, ಎಳೆದು ಗಂಟು ಹಾಕುತ್ತಾರಲ್ಲ, ಕೈ ಅಭ್ಯಾಸದಲ್ಲಿ ಅವರು ಕರುವಿಗೂ ಹಾಗೇ ಹಾಕಿದ್ದರು. ಹೊಟ್ಟೆಯ ಎರಡೂ ಬದಿ ಸಾಲಾಗಿ ಕುಳಿಗಳು. ಮೈ ಚಪ್ಪಟೆಯಾಗಿ ನಾಲ್ಕು ಮೂಲೆ ಎದ್ದಿತ್ತು. ನಿಲ್ಲಿಸಿದರೆ ಒಂದು ಕಾಲು ನೆಲಕ್ಕೆ ತಾಗಲಿಲ್ಲ.

ಅವರೇ ಮೊದಲು ನೋಡಿ ಹಣೆಗೆ ಕೈ ಹಚ್ಚಿಕೊಂಡರು. "ಯಾ ಅಲ್ಲಾ. ಕರು ಅನ್ನೋದು ಮರ್ತೇ ಹೋಯ್ತು."

ಮೈದುನನಿಗೆ ಬೇಕಾದ್ದು ಸಿಕ್ಕಿತು. "ಅಡ್ಡಿಲ್ಲ ಅತ್ಗೆ, ಚೆನ್ನಾಗೇ ಅದೆ. ಕುಮಟೆಯವ್ರದ್ದು ಗೋಡೆಗೆ ಏರ್ತು. ಇದನ್ನ ತಲೆಯಡಿಗೆ ಇಟ್ಕಂಡು ಮಲಗ್ಬಹುದು."

ಬೇಲಿಯಾಚೆ ಎಲ್ಲರೂ ನಕ್ಕರು. ಸಾಬರು ಗಂಟು ಬಿಚ್ಚಲು ಹೋದರು. ತೊಗಲು ಹರಿದೀತೆಂದು ನಾನು ತಡೆದೆ. ಕಣ್ಣಿಗೆ ಎರಡು ಅಂಗಿಗುಂಡಿಯಾದರೂ ಹಚ್ಚುತ್ತೇನೆ ಎಂದರು. ಅದೂ ಬೇಡವೆಂದೆ. ಒಳಗೊಳಗೆ ನನಗೆ ಹೆದರಿಕೆ ಶುರುವಾಗಿತ್ತು. ಆ ಕಾಲು, ಆ ಕುಳಿಗಳು. ಒಂದು ಕರಡಿಯನ್ನು ಮೂಸಿ ನೋಡಿ ನಾನು ಇಷ್ಟೆಲ್ಲ ಮಾಡಿಸಿದ್ದೆ. ನಾನು ಎಣಿಸಿದ್ದು ಸುಳ್ಳಾದರೆ ದನಕ್ಕೆ ಇನ್ನೊಂದು ಕರು ಎಲ್ಲಿಂದ ತರಲಿ?

ಮೈದುನನೇ ಅದನ್ನು ಎತ್ತಿಕೊಂಡು ಕೊಟ್ಟಿಗೆಗೆ ಬಂದ. ನಗುವವರನ್ನೆಲ್ಲ ಓರಗಿತ್ತಿ ಹೊರಗೇ ತಡೆದಳು. ಕರುವನ್ನು ಅದರ ಜಾಗದಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದೆವು. ದನ ಬುಸ್ ಎಂದು ಉಸಿರು ಬಿಟ್ಟು, ಹಗ್ಗ ಎಳೆದುಕೊಂಡು ಹಿಂದೆ ಸರಿಯಿತು. ಕಿವಿ ನೆಟ್ಟಗಾಯಿತು. ಮೈದುನ ನನ್ನನ್ನು ನೋಡಿದ. ಅದು ತುಂಬ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಕತ್ತು ಚಾಚಿತು. ಮೂಗಿನ ತುದಿಯನ್ನು ಕರುವಿನ ಬೆನ್ನಿನ ಮೇಲೆ ಉದ್ದಕ್ಕೆ ಆಡಿಸಿತು. ಬಾಲದ ಹತ್ತಿರ ನಿಂತು ಮೂಸಿತು, ಮತ್ತೆ ಮೂಸಿತು. ಗಂಟಲಿನೊಳಗೆ ಒಂದು ಸಣ್ಣ ದನಿ ಮಾಡಿತು. ಕರು ಬದುಕಿದ್ದಾಗ ಮಾತ್ರ ಆ ದನಿ ಕೇಳಿದ್ದೆ. ಆಮೇಲೆ ನೆಕ್ಕತೊಡಗಿತು. ನೆಕ್ಕುವ ಭರಕ್ಕೆ ಕರು ಬೀಳದಿರಲೆಂದು ಮೈದುನ ಹಿಡಿದುಕೊಂಡ.

ನಾನು ಕೆಳಗೆ ಕೂತು ಕೆಚ್ಚಲಿಗೆ ಕೈ ಹಚ್ಚಿದೆ. ಹಾಲು ತಾನಾಗಿ ಇಳಿಯಿತು. ಚೆಂಬು ಹಿಡಿಯುವುದನ್ನೂ ಮರೆತೆ, ಅಷ್ಟೂ ನೆಲಕ್ಕೆ ಹೋಯಿತು. ಬಾಗಿಲಲ್ಲಿ ನಿಂತಿದ್ದ ಸಾಬರು ಚಪ್ಪಲಿ ಹಾಕಿಕೊಂಡು, "ನಾನು ಬರ್ತೇನೆ ಅಕ್ಕಾ" ಎಂದು ಮೆಲ್ಲಗೆ ಹೇಳಿ ಹೋದರು.

ಸಂಜೆಗೆ ಅಕ್ಕಚ್ಚು ಕುಡಿಯಿತು. ಆದರೆ ಹುಲ್ಲು ಮುಟ್ಟಲಿಲ್ಲ. ಮರುದಿನವೂ ಅಷ್ಟೇ. ಹಿಂಡಿ ಕಲಸಿ ಕೈಯಲ್ಲಿ ಹಿಡಿದರೆ ನನ್ನ ದಾಕ್ಷಿಣ್ಯಕ್ಕೆಂಬಂತೆ ಎರಡು ತುತ್ತು ತಿನ್ನುತ್ತಿತ್ತು. ಗೋದಲಿಯ ಹುಲ್ಲು ಹಾಗೇ ಉಳಿಯುತ್ತಿತ್ತು. ಜೀವ ಹಿಡಿದುಕೊಂಡಿತ್ತು, ಅಷ್ಟೆ. ಪಕ್ಕೆಲುಬು ಕಾಣುತ್ತಲೇ ಇತ್ತು.

ಆ ದಿನಗಳಲ್ಲಿ ಓರಗಿತ್ತಿ ಒಮ್ಮೆ ಕೇಳಿದಳು. "ಅಕ್ಕಾ, ನಾವು ಮಾಡಿದ್ದು ಮೋಸ ಅಲ್ದಾ? ಪಾಪ, ಅದು ಜೀವ ಅದೆ ಅಂದ್ಕಂಡು ನೆಕ್ತದೆ."

ನನಗೂ ಹಾಗೆ ಅನ್ನಿಸಿತ್ತು. ಹಾಲಿಗಾಗಿ ಅಲ್ಲ, ಬದುಕಲಿ ಎಂದು ಮಾಡಿದ್ದು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಬೆಳಿಗ್ಗೆ ಹಾಲು ಕರೆದು ಚೆಂಬು ತುಂಬಿದಾಗ ಅದನ್ನು ಎತ್ತಿಕೊಂಡು ಬರಲು ನಾಚಿಕೆಯಾಗುತ್ತಿತ್ತು.

ಕೆಲವು ದಿನ ಕಳೆದು ಒಂದು ಮಧ್ಯಾಹ್ನ ಕೊಟ್ಟಿಗೆಗೆ ಹೋದೆ. ನೆಕ್ಕಿ ನೆಕ್ಕಿ ಕರುವಿನ ಹೊಟ್ಟೆಯ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು. ಸಾಬರು ಹಾಕಿದ ಗಂಟಿನ ಪಕ್ಕದಿಂದ ನಾಲ್ಕು ಎಸಳು ಹುಲ್ಲು ಹೊರಗೆ ಇಣುಕಿತ್ತು. ದನ ಕತ್ತನ್ನು ನೆಕ್ಕಿತು, ಬೆನ್ನನ್ನು ನೆಕ್ಕಿತು, ಹೊಟ್ಟೆಯ ಹತ್ತಿರ ಬಂದು ಆ ಹುಲ್ಲನ್ನು ಬಾಯಿಂದ ಎಳೆದು ಅಗಿಯತೊಡಗಿತು. ಅವಸರವಿಲ್ಲ. ಒಂದು ಬಾಯಿ ಅಗಿಯುವುದು, ಮತ್ತೆ ಕರುವಿನ ಕಿವಿ ನೆಕ್ಕುವುದು, ಮತ್ತೆ ಇನ್ನೊಂದು ಬಾಯಿ ಎಳೆಯುವುದು.

ಓರಗಿತ್ತಿ ಬಂದು ನೋಡಿ ಬಾಯಿ ಮುಚ್ಚಿಕೊಂಡಳು. "ಬಿಡ್ಸಿ ಅಕ್ಕಾ. ತನ್ನ ಕರೂನೇ ತಿಂತದೆ."

ನಾನು ಬಿಡಿಸಲಿಲ್ಲ. ಬಿಡಿಸುವಂಥದ್ದು ಅಲ್ಲಿ ಏನೂ ನಡೆಯುತ್ತಿಲ್ಲ ಅನ್ನಿಸಿತು. ಕರುವಿಗೆ ಜೀವವಿಲ್ಲವೆಂದು ದನಕ್ಕೆ ಆ ದಿನ ಗೊತ್ತಾಯಿತೋ, ಮೊದಲ ದಿನ ಹಿಂದೆ ಸರಿದಾಗಲೇ ಗೊತ್ತಿತ್ತೋ, ನನಗೆ ಇವತ್ತಿಗೂ ತಿಳಿಯದು. ಗೊತ್ತಿದ್ದೂ ನೆಕ್ಕುತ್ತಿತ್ತು ಎಂದೇ ನನ್ನ ಮನಸ್ಸು ಹೇಳುತ್ತದೆ. ನಾವು ಅದಕ್ಕೆ ಮೋಸ ಮಾಡುವಷ್ಟು ಜಾಣರಿರಲಿಲ್ಲ. ಅದಕ್ಕೆ ನೆಕ್ಕುವುದಕ್ಕೆ ಏನಾದರೂ ಬೇಕಿತ್ತು, ನಾವು ಕೊಟ್ಟೆವು, ಅಷ್ಟೇ ಇರಬೇಕು.

ಹೊಲಿಗೆ ಬಿಟ್ಟದ್ದು ಮೈದುನನ ಬಾಯಿಂದ ಜಾಲಿಗೆ ತಲುಪಿತು. ಸಾಬರು ಫೋನು ಮಾಡಿ, ಬಂದು ಮತ್ತೆ ತುಂಬಿಕೊಡುತ್ತೇನೆ ಎಂದರು. ಬೇಡ, ತಿಂದು ಮುಗಿಸಲಿ ಎಂದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, "ಒಳ್ಳೆ ಹುಲ್ಲೇ ತುಂಬಿದ್ವಿ ಬಿಡಿ ಅಕ್ಕಾ" ಎಂದರು.

ಕರು ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. ಕಡೆಗೆ ತೊಗಲು, ಬಿದಿರಿನ ಕಡ್ಡಿ, ಗಾದಿ ದಾರ ಇಷ್ಟೇ ಉಳಿದವು. ಅವನ್ನು ತೆಗೆದು ಗದ್ದೆಯ ಅಂಚಿನಲ್ಲಿ ಹೂಳಿದೆ. ಹಿಂದಿರುಗಿ ಬಂದು ಗೋದಲಿಗೆ ಒಂದು ಕಟ್ಟು ಬೈಹುಲ್ಲು ಬಿಚ್ಚಿ ಹಾಕಿದೆ. ದನ ಖಾಲಿ ಜಾಗವನ್ನೊಮ್ಮೆ ಮೂಸಿ ನೋಡಿ, ತಿರುಗಿ ಬಂದು ತಿನ್ನತೊಡಗಿತು. ಅದು ಪೂರ್ತಿ ತಿಂದು ಮುಗಿಸುವವರೆಗೆ ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ.